ಯಾವ ಬೇಲೂರು, ಯಾವ ಹೊಸೂರು?

ಸಂಜೆಯಾದರೆ ಹುಬ್ಬಳ್ಳಿಯ ದುರ್ಗದಬೈಲಿನಲ್ಲಿ ಕಾಲಿಡಲು ಜಾಗ ಸಿಗುವುದಿಲ್ಲ. ಒಂದೆಡೆ ಗಿರಮಿಟ್ಟು ಕಲಸುವ ಬೋಗುಣಿಯ ಸದ್ದು, ಇನ್ನೊಂದೆಡೆ ಮಿರ್ಚಿ ಭಜಿಯ ಕಡಾಯಿ. ಜವಳಿ ಸಾಲಿನಲ್ಲಿ ಸೀರೆ ಕೊಂಡವರು, ದಾಜಿಬಾನ ಪೇಟೆಯ ಕಡೆಯಿಂದ ಬಂದವರು, ಬ್ರಾಡ್‌ವೇ ದಾಟಿ ಮನೆಗೆ ಹೊರಟವರು, ಎಲ್ಲರೂ ಇಲ್ಲಿ ಒಂದು ಗಳಿಗೆ ನಿಲ್ಲುತ್ತಾರೆ. ಇದು ಹೊಸ ಹುಬ್ಬಳ್ಳಿಯ ಹೊಕ್ಕುಳು. ಹದಿನೆಂಟನೆಯ ಶತಮಾನದಲ್ಲಿ ಸವಣೂರು ನವಾಬರ ಆಳ್ವಿಕೆಯಲ್ಲಿ ಬಸಪ್ಪ ಶೆಟ್ಟರ ಎಂಬ ವ್ಯಾಪಾರಿ ಕೋಟೆಯ ಮುಂದಿನ ಬಯಲನ್ನು ಸುತ್ತುವರಿದು ಹೊಸ ಪೇಟೆ ಕಟ್ಟಿಸಿದ. ದುರ್ಗದ ಮುಂದಿನ ಬೈಲು ದುರ್ಗದಬೈಲಾಯಿತು. ಕೋಟೆ ಹೋಯಿತು, ಬಯಲೂ ಅಂಗಡಿಗಳಿಂದ ತುಂಬಿತು, ಹೆಸರು ಉಳಿಯಿತು.

ಅಂಗಡಿಗಳ ಫಲಕಗಳನ್ನು ಓದುತ್ತ ಒಂದು ಸುತ್ತು ಹಾಕಿದರೆ ಈ ಹೆಸರು ಕನ್ನಡದಲ್ಲಿ ಒಂದೇ ರೀತಿ ಇದ್ದರೂ ಇಂಗ್ಲಿಷ್ ಅಕ್ಷರಗಳಲ್ಲಿ ಹತ್ತು ವೇಷ ತೊಡುವುದು ಕಾಣುತ್ತದೆ. ಒಬ್ಬರು ಎರಡು ಪದ ಮಾಡಿ ಬರೆಯುತ್ತಾರೆ, ಇನ್ನೊಬ್ಬರು ಕೂಡಿಸಿ ಬರೆಯುತ್ತಾರೆ. ಒಬ್ಬರು ‘ದ’ಕಾರದ ಮುಂದೆ ಒಂದು ‘ಎ’ ಸೇರಿಸುತ್ತಾರೆ, ಮತ್ತೊಬ್ಬರು ಬಿಡುತ್ತಾರೆ. ಹೇಗೆ ಬರೆದರೂ ಅದರಲ್ಲಿ ಕೋಟೆಯ ‘ದುರ್ಗ’ಕ್ಕೂ ದೇವಿಯ ‘ದುರ್ಗಾ’ಗೂ ವ್ಯತ್ಯಾಸ ಉಳಿಯುವುದಿಲ್ಲ. ಉತ್ತರ ಭಾರತದಿಂದ ಬಂದವರು ಹೆಸರಿನ ಕೊನೆಯಲ್ಲಿ ಎತ್ತನ್ನು ಕಾಣಬಹುದು, ಕೋರ್ಟು ಕಚೇರಿಯ ಇಂಗ್ಲಿಷ್ ಬಲ್ಲವರು ಜಾಮೀನನ್ನು ಕಾಣಬಹುದು. ಬಯಲು ಮಾತ್ರ ಯಾರಿಗೂ ಕಾಣುವುದಿಲ್ಲ.

ದುರ್ಗದಬೈಲು ಇರುವುದು ಒಂದೇ. ಬರೆಯುವ ರೀತಿ ಹೇಗೇ ಇದ್ದರೂ ರಿಕ್ಷಾದವರು ಅಲ್ಲಿಗೇ ತಂದು ಇಳಿಸುತ್ತಾರೆ. ತೊಡಕು ಬರುವುದು ಒಂದೇ ಕಾಗುಣಿತದ ಹಿಂದೆ ಎರಡು, ಮೂರು, ನಾಲ್ಕು ಊರುಗಳು ನಿಂತಾಗ. ಅಂಥ ಊರುಗಳನ್ನು ಹುಡುಕಲು ಹುಬ್ಬಳ್ಳಿಯಿಂದ ದೂರ ಹೋಗಬೇಕಿಲ್ಲ.

ಪೇಟೆಯಿಂದ ಹೊರಟು ಕಿತ್ತೂರು ಚನ್ನಮ್ಮ ವೃತ್ತ ದಾಟಿದರೆ ಸ್ವಲ್ಪ ದೂರದಲ್ಲೇ ಹೊಸೂರು. ಹುಬ್ಬಳ್ಳಿಯವರಿಗೆ ಹೊಸೂರೆಂದರೆ ಕ್ರಾಸು, ಬಸ್ ನಿಲ್ದಾಣ. ಬೆಂಗಳೂರಿನವರಿಗೆ ಹೊಸೂರೆಂದರೆ ಎಲೆಕ್ಟ್ರಾನಿಕ್ ಸಿಟಿಯ ಆಚೆಗೆ, ತಮಿಳುನಾಡಿನ ಗಡಿಯೊಳಗೆ, ಕೃಷ್ಣಗಿರಿ ಜಿಲ್ಲೆಯ ಕಾರ್ಖಾನೆಗಳ ಊರು. ತಮಿಳಿನಲ್ಲಿ ಅದು ‘ಓಸೂರ್’. ಹೊಸದಾಗಿ ಕಟ್ಟಿದ ಊರಿಗೆ ಹೊಸೂರು ಎನ್ನುವುದು ಕನ್ನಡಿಗರ ಹಳೆಯ ರೂಢಿ, ಹೀಗಾಗಿ ಜಿಲ್ಲೆ ಜಿಲ್ಲೆಗೂ ಒಂದೊಂದು ಹೊಸೂರು ಸಿಗುತ್ತದೆ. ಕನ್ನಡದಲ್ಲೇ ಒಂದಾಗಿರುವ ಇಂಥ ಹೆಸರುಗಳನ್ನು ಜನ ತಮ್ಮದೇ ಉಪಾಯದಿಂದ ಬೇರೆ ಮಾಡಿಕೊಂಡಿದ್ದಾರೆ. “ಯಾವ ಹೊಸೂರ್ರೀ?” ಎಂಬ ಒಂದು ಪ್ರಶ್ನೆಗೆ “ಗೋಕಾಕ ಕಡೀದು” ಅಥವಾ “ಬೆಂಗಳೂರು ಕಡೀದು” ಎಂದರೆ ಮುಗಿಯಿತು.

ಇನ್ನೂ ಹಳೆಯ ಉಪಾಯವೆಂದರೆ ಹೆಸರಿಗೇ ಒಂದು ಗುರುತು ಕಟ್ಟುವುದು. ಮೈಸೂರು ಸೀಮೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲೂ ಒಂದು ಕಿತ್ತೂರಿದೆ. 1824ರ ಅಕ್ಟೋಬರ್ 23ರಂದು ಬ್ರಿಟಿಷ್ ಪಡೆಯನ್ನು ಸೋಲಿಸಿದ ಕಿತ್ತೂರು ಬೆಳಗಾವಿ ಜಿಲ್ಲೆಯದು, ಅದು ‘ಚನ್ನಮ್ಮನ ಕಿತ್ತೂರು’. ಬಾಗೇವಾಡಿಗಳಲ್ಲಿ ಬೆಳಗಾವಿಯ ಹತ್ತಿರದ್ದು ಹಿರೇಬಾಗೇವಾಡಿ, ಬಸವಣ್ಣ ಹುಟ್ಟಿದ ಊರು ಬಸವನ ಬಾಗೇವಾಡಿ. ಮುಂಬಯಿ ಹತ್ತಿರದ ಕಲ್ಯಾಣ ದೊಡ್ಡ ರೈಲು ಜಂಕ್ಷನ್. ಶರಣರ ಕಲ್ಯಾಣ ರಾಜ್ಯಗಳ ಮರುವಿಂಗಡಣೆಯ ಹೊತ್ತಿಗೆ ಬಸವಕಲ್ಯಾಣವಾಯಿತು. ಈ ಗುರುತುಗಳಲ್ಲಿ ಭೂಗೋಳವಿದೆ, ಚರಿತ್ರೆಯಿದೆ, ಪ್ರೀತಿಯಿದೆ. ಬೇರೆ ಲಿಪಿಗೆ ಹೋದರೂ ಇವು ಕಳೆದುಹೋಗುವುದಿಲ್ಲ.

ಕಳೆದುಹೋಗುವುದು ಅಕ್ಷರದೊಳಗೇ ಇರುವ ಗುರುತು.

ಹುಬ್ಬಳ್ಳಿಯಿಂದ ಧಾರವಾಡಕ್ಕೆ ಚಿಗರಿ ಬಸ್ಸು ಹತ್ತಿದರೆ ದಾರಿಯುದ್ದಕ್ಕೂ ಇದಕ್ಕೆ ಸಾಕ್ಷಿ ಸಿಗುತ್ತದೆ. ಸುಮಾರು 22 ಕಿ.ಮೀ. ದಾರಿ. ಮೊದಲು ಬರುವುದು ಉಣಕಲ್ಲು ಮತ್ತು ಅದರ ಕೆರೆ. ಕನ್ನಡ ಫಲಕದಲ್ಲಿ ‘ಣ’ ಸ್ಪಷ್ಟವಾಗಿದೆ. ಪಕ್ಕದ ಇಂಗ್ಲಿಷ್ ಸಾಲಿನಲ್ಲಿ ಯು, ಎನ್, ಕೆ, ಎ, ಎಲ್. ಊರು ಗೊತ್ತಿಲ್ಲದವರು ಅದನ್ನು ‘ಉಂಕಲ್’ ಎಂದು ಓದದೆ ಇನ್ನೇನು ಮಾಡಿಯಾರು? ಮುಂದೆ ಅಮರಗೋಳ, ಅಲ್ಲಿ ‘ಳ’ಕಾರ ‘ಲ’ಕಾರವಾಗಿ ಕುಳಿತಿದೆ. ಧಾರವಾಡ ತಲುಪಿ, ಬೆಳಗಾವಿಯ ಕಡೆಗೆ ಹೆದ್ದಾರಿ ಹಿಡಿದರೆ ಬೇಲೂರು ಕೈಗಾರಿಕಾ ಪ್ರದೇಶ.

ಬೇಲೂರು ಎಂದೊಡನೆ ಕನ್ನಡಿಗರ ಕಣ್ಣಿಗೆ ಕಟ್ಟುವುದು ಹಾಸನ ಜಿಲ್ಲೆಯ ಚೆನ್ನಕೇಶವ ದೇವಾಲಯ. ವಿಷ್ಣುವರ್ಧನ 1117ರಲ್ಲಿ ಪ್ರತಿಷ್ಠಾಪಿಸಿದ ಆ ಗುಡಿ 2023ರಲ್ಲಿ ಹಳೇಬೀಡು, ಸೋಮನಾಥಪುರಗಳ ಜೊತೆ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿ ಸೇರಿತು. ಧಾರವಾಡದ ಬೇಲೂರಿನಲ್ಲಿ ಶಿಲಾಬಾಲಿಕೆಯರಿಲ್ಲ, ಯಂತ್ರಗಳಿವೆ. ಈ ಎರಡೂ ಕನ್ನಡದಲ್ಲಿ ‘ಬೇಲೂರು’. ಇನ್ನು ಮಲೆನಾಡಿಗೆ ಹೋದರೆ ಸಾಗರದ ಕಡೆ ‘ಬೇಳೂರು’ ಇದೆ, ಕರಾವಳಿಗೆ ಇಳಿದರೆ ಕುಂದಾಪುರದ ಕಡೆಯಲ್ಲೂ ‘ಬೇಳೂರು’ ಇದೆ. ಕೋಲ್ಕತ್ತದ ಎದುರಿಗೆ, ಹೂಗ್ಲಿ ನದಿಯ ದಡದಲ್ಲಿ ವಿವೇಕಾನಂದರು ರಾಮಕೃಷ್ಣ ಮಠ ಸ್ಥಾಪಿಸಿದ ಊರಿನ ಬಂಗಾಳಿ ಹೆಸರು ‘ಡ’ಕಾರಕ್ಕೆ ಹತ್ತಿರದ ಧ್ವನಿಯಲ್ಲಿ ಮುಗಿಯುತ್ತದೆ. ಈ ಎಲ್ಲ ಊರುಗಳೂ ರೋಮನ್ ಲಿಪಿಗೆ ಬಂದ ಮೇಲೆ ಬಿ, ಇ, ಎಲ್, ಯು, ಆರ್. ಐದೇ ಅಕ್ಷರ. ಹೊಯ್ಸಳರ ಬೇಲೂರು, ಕಾರ್ಖಾನೆಯ ಬೇಲೂರು, ಮಲೆನಾಡಿನ ಬೇಳೂರು, ಬಂಗಾಳದ ಮಠ, ಎಲ್ಲವೂ ಒಂದೇ ಸಾಲಿನಲ್ಲಿ ಬಂದು ನಿಲ್ಲುತ್ತವೆ.

ಅವುಗಳಿಗೆ ಇನ್ನೊಂದು ‘ಎಲ್’ ಸೇರಿಸಿದರೆ ಬೆಳ್ಳೂರುಗಳ ಸರದಿ. ಆದಿಚುಂಚನಗಿರಿಗೆ ಹೋಗುವವರು ಇಳಿಯುವ ಬೆಳ್ಳೂರು ಕ್ರಾಸ್ ನಾಗಮಂಗಲ ತಾಲ್ಲೂಕಿನದು. ಯೋಗಾಚಾರ್ಯ ಬಿ.ಕೆ.ಎಸ್. ಅಯ್ಯಂಗಾರ್ 1918ರಲ್ಲಿ ಹುಟ್ಟಿದ ಬೆಳ್ಳೂರು ಕೋಲಾರದ ಕಡೆಯದು, ಅವರ ಹೆಸರಿನ ಮೊದಲ ‘ಬಿ’ ಆ ಊರೇ. ಗಡಿಯಾಚೆ ಕಾಸರಗೋಡು ಜಿಲ್ಲೆಯಲ್ಲಿ ಕನ್ನಡಿಗರು ಬಾಳುವ ಬೆಳ್ಳೂರು ಪಂಚಾಯಿತಿಯಿದೆ. ಬರೆಯುವವರ ಕೈ ಒಂದು ‘ಎಲ್’ ಮರೆತರೆ ಇವೂ ಬೇಲೂರಿನ ಸಾಲಿಗೆ ಸೇರುತ್ತವೆ.

ಕನ್ನಡ ಓದುವವರಿಗೆ ಇಲ್ಲಿ ಗೊಂದಲವೇ ಇಲ್ಲ. ಕೋಲಾರ ಜಿಲ್ಲೆಯ ಮಾಲೂರೇ ಬೇರೆ, ಚನ್ನಪಟ್ಟಣದ ಹತ್ತಿರ ಅಪ್ರಮೇಯಸ್ವಾಮಿಯ ದೊಡ್ಡ ಮಳೂರೇ ಬೇರೆ. ಚಿನ್ನದ ಗಣಿಯ ಕೋಲಾರವೇ ಬೇರೆ, ಕೃಷ್ಣೆಯ ದಡದಲ್ಲಿ ಗಡಿಗೆಯ ಗಟ್ಟಿ ಮೊಸರಿಗೆ ಹೆಸರಾದ ವಿಜಯಪುರ ಜಿಲ್ಲೆಯ ಕೊಲ್ಹಾರವೇ ಬೇರೆ. ಧಾರವಾಡ ತಾಲ್ಲೂಕಿನ ಹೆಬ್ಬಳ್ಳಿ, ಬೆಂಗಳೂರಿನ ಹೆಬ್ಬಾಳ, ನಮ್ಮ ಹುಬ್ಬಳ್ಳಿ, ಯಾವುದೂ ಒಂದಕ್ಕೊಂದು ಕಲೆಯುವುದಿಲ್ಲ. ಎ ಮತ್ತು ಏ, ಒ ಮತ್ತು ಓ, ಲ ಮತ್ತು ಳ, ನ ಮತ್ತು ಣ, ತ ಮತ್ತು ಟ ಪ್ರತಿಯೊಂದಕ್ಕೂ ನಮ್ಮ ಲಿಪಿಯಲ್ಲಿ ಬೇರೆ ಬೇರೆ ಮನೆಯಿದೆ. ಇಪ್ಪತ್ತಾರು ಅಕ್ಷರಗಳ ಲಿಪಿಗೆ ಹೋದಾಗ ಇಬ್ಬಿಬ್ಬರು ಒಂದೇ ಕೋಣೆಯಲ್ಲಿ ಇರಬೇಕಾಗುತ್ತದೆ.

ಈ ಕಷ್ಟದಲ್ಲಿ ಕನ್ನಡಕ್ಕೆ ದೊಡ್ಡ ಜೊತೆಯೊಂದಿದೆ, ಅದು ಚೀನಾ. ಚೀನೀ ಭಾಷೆಯಲ್ಲಿ ಪ್ರತಿ ಊರಿನ ಹೆಸರಿಗೂ ತನ್ನದೇ ಚಿತ್ರಾಕ್ಷರಗಳಿವೆ, ಉಚ್ಚಾರದಲ್ಲಿ ಏರಿಳಿತದ ಸ್ವರಭೇದವೂ ಇದೆ. 1958ರಲ್ಲಿ ಅಲ್ಲಿನ ಸರ್ಕಾರ ‘ಪಿನ್‌ಯಿನ್’ ಎಂಬ ರೋಮನ್ ಬರಹವನ್ನು ಒಪ್ಪಿತು. 1977ರಲ್ಲಿ ಸ್ಥಳನಾಮಗಳ ಕುರಿತ ವಿಶ್ವಸಂಸ್ಥೆಯ ಸಮ್ಮೇಳನವೂ ಚೀನಾದ ಊರುಗಳಿಗೆ ಅದನ್ನೇ ಶಿಫಾರಸು ಮಾಡಿತು. ಪಿನ್‌ಯಿನ್‌ನಲ್ಲಿ ಸ್ವರಭೇದಕ್ಕೆ ಅಕ್ಷರದ ಮೇಲೆ ಗುರುತು ಹಾಕುವ ಏರ್ಪಾಡಿದೆ. ನಕ್ಷೆ, ಟಿಕೆಟ್ಟು, ಸುದ್ದಿಗಳಲ್ಲಿ ಆ ಗುರುತು ಉದುರಿಹೋಗುತ್ತದೆ. ಆಗ ರೇಷ್ಮೆ ಮತ್ತು ಉದ್ಯಾನಗಳಿಗೆ ಹೆಸರಾದ ಜಿಯಾಂಗ್ಸು ಪ್ರಾಂತದ ಸುಝೌ ಒಂದು, ಆನ್‌ಹುಯಿ ಪ್ರಾಂತದ ಸುಝೌ ಇನ್ನೊಂದು. ಫುಜಿಯಾನ್ ಪ್ರಾಂತದ ರಾಜಧಾನಿ ಫುಝೌ, ಜಿಯಾಂಗ್ಶಿ ಪ್ರಾಂತದಲ್ಲೂ ಫುಝೌ. ಜೆಜಿಯಾಂಗಿನಲ್ಲಿ ಒಂದು ತೈಝೌ, ಜಿಯಾಂಗ್ಸುವಿನಲ್ಲಿ ಒಂದು ತೈಝೌ. ತೆಂಕಣ ಗುವಾಂಗ್ಶಿಯಲ್ಲಿ ಯುಲಿನ್, ಬಡಗಣದಲ್ಲಿ ಇನ್ನೊಂದು ಯುಲಿನ್. ಚೀನೀ ಅಕ್ಷರಗಳಲ್ಲಿ ಈ ಜೋಡಿಗಳ ನಡುವೆ ಯಾವ ಗೊಂದಲವೂ ಇಲ್ಲ, ನಮ್ಮ ಬೇಲೂರು ಬೇಳೂರುಗಳ ಹಾಗೆ.

ಒಂದು ಜೋಡಿಯ ಬಗ್ಗೆ ಮಾತ್ರ ಚೀನೀಯರು ಕೈಕಟ್ಟಿ ಕೂರಲಿಲ್ಲ. ಅಕ್ಕಪಕ್ಕದ ಎರಡು ಪ್ರಾಂತಗಳ ಹೆಸರೂ ರೋಮನ್ ಲಿಪಿಯಲ್ಲಿ ‘ಶಾನ್ಶಿ’. ಒಂದರಲ್ಲಿ ದಾತೋಂಗ್ ನಗರ ಮತ್ತು ಕಲ್ಲಿದ್ದಲ ಗಣಿಗಳು, ಇನ್ನೊಂದರಲ್ಲಿ ಮಣ್ಣಿನ ಸೈನಿಕರ ಶಿಯಾನ್ ನಗರ. ಹಳೆಯ ರೋಮನ್ ಬರಹ ಪದ್ಧತಿಯೊಂದರಿಂದ ಎರವಲು ತಂದು ಶಿಯಾನ್ ಇರುವ ಪ್ರಾಂತದ ಹೆಸರಿನಲ್ಲಿ ‘ಎ’ ಅಕ್ಷರವನ್ನು ಎರಡು ಸಲ ಬರೆಯುವುದೆಂದು ಗೊತ್ತುಮಾಡಿದರು. ಒಂದೇ ಅಕ್ಷರದ ಏರ್ಪಾಡು, ಕೋಟ್ಯಂತರ ಜನರ ವಿಳಾಸ ನೆಟ್ಟಗಾಯಿತು.

ನಮ್ಮಲ್ಲಿ ಇಂಥ ಏರ್ಪಾಡು ಬ್ರಿಟಿಷರ ಕಾಲದಲ್ಲೇ ಅರ್ಧಕ್ಕೆ ನಿಂತಿತು. ಕಂದಾಯದ ದಫ್ತರಗಳಲ್ಲಿ ಒಂದೊಂದು ಊರಿಗೆ ಒಬ್ಬೊಬ್ಬ ಸಾಹೇಬ ಒಂದೊಂದು ಕಾಗುಣಿತ ಬರೆಯುತ್ತಿದ್ದ ಕಾಲದಲ್ಲಿ ವಿಲಿಯಂ ವಿಲ್ಸನ್ ಹಂಟರ್ ಒಂದು ಪದ್ಧತಿ ಹಾಕಿಕೊಟ್ಟ. 1881ರಲ್ಲಿ ಅವನ ಇಂಪೀರಿಯಲ್ ಗೆಜೆಟಿಯರ್ ಹೊರಬಂತು. ಆ ಪದ್ಧತಿಯಲ್ಲಿ ಉದ್ದ ಸ್ವರಕ್ಕೆ ಗುರುತಿತ್ತು, ತ–ಟ, ನ–ಣ ಎಂಬ ಭೇದಕ್ಕೆ ಜಾಗವಿರಲಿಲ್ಲ. ದಿನದ ಬಳಕೆಯಲ್ಲಿ ಉದ್ದ ಸ್ವರದ ಗುರುತೂ ಬಿದ್ದುಹೋಯಿತು. ಅದೇ ಶತಮಾನದಲ್ಲಿ, 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟೆಲ್ ನಿಘಂಟಿನಲ್ಲಿ ಕನ್ನಡದ ಪದಗಳನ್ನು ಅಕ್ಷರದ ಕೆಳಗೆ ಚುಕ್ಕಿ, ಮೇಲೆ ಗೆರೆ ಇಟ್ಟು ಭೇದ ಕೆಡದಂತೆ ತೋರಿಸಿದ್ದರು. ವಿದ್ವಾಂಸರ ಪುಸ್ತಕದಲ್ಲಿ ಸಾಧ್ಯವಾದದ್ದು ರೈಲು ನಿಲ್ದಾಣದ ಫಲಕಕ್ಕೆ ಬರಲಿಲ್ಲ.

ಸಾಹೇಬರ ಕಿವಿಗೆ ಕೇಳಿದ್ದು ಎಷ್ಟು ಗಟ್ಟಿಯಾಗಿ ಕೂರುತ್ತದೆ ಎಂಬುದಕ್ಕೆ ಧಾರವಾಡವೇ ಸಾಕ್ಷಿ. ಅವರು ‘ಡ’ಕಾರವನ್ನು ‘ಆರ್’ ಎಂದು ಬರೆದರು. 1880ರ ದಶಕದಲ್ಲಿ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಈ ಭಾಗದ ಪುರಾತನ ಶಿಲೆಗಳಿಗೆ ಊರಿನ ಹೆಸರಿಟ್ಟಾಗ ಅದು ‘ಧಾರ್ವಾರ್’ ಆಗಿಯೇ ವಿಜ್ಞಾನದೊಳಗೆ ಹೋಯಿತು. ಊರಿನ ಕಾಗುಣಿತ ಬದಲಾದರೂ ಇಂದಿಗೂ ಜಗತ್ತಿನ ಭೂವಿಜ್ಞಾನದ ಪುಸ್ತಕಗಳಲ್ಲಿ ‘ಧಾರ್ವಾರ್ ಕ್ರೇಟಾನ್’ ಎಂದೇ ಇದೆ.

ಧಾರವಾಡದಿಂದ ಮರಳಿ ಹುಬ್ಬಳ್ಳಿಗೆ ಬಂದು, ದಕ್ಷಿಣದ ಬಸ್ಸು ಹಿಡಿದು, ಶಿಗ್ಗಾವಿ, ಬಂಕಾಪುರದ ಮೇಲೆ ಹಾನಗಲ್ಲಿಗೆ ಹೋಗುವ ದಾರಿ ಸೊಗಸಾದದ್ದು. ಬೆಳವಲದ ಕಪ್ಪು ನೆಲ ಮುಗಿದು ಭತ್ತದ ಗದ್ದೆ, ಕೆರೆಗಳು ಶುರುವಾಗುತ್ತವೆ. ಹಾನಗಲ್ಲು ಶಾಸನಗಳ ಪಾನುಂಗಲ್. ಕನ್ನಡದ ‘ಪ’ಕಾರ ‘ಹ’ಕಾರವಾಗುವ ಚರಿತ್ರೆ ಆ ಹೆಸರಿನಲ್ಲೇ ಅಡಗಿದೆ. ಕದಂಬರ ಒಂದು ಶಾಖೆ ಆಳಿದ ಊರಿದು. ತಾರಕೇಶ್ವರ ಗುಡಿಯ ಕಲ್ಲಿನ ಛತ್ತಿನಲ್ಲಿ ಅರಳಿದ ದೊಡ್ಡ ಕಮಲವನ್ನು ಕತ್ತೆತ್ತಿ ನೋಡುತ್ತ ನಿಂತರೆ ಹೊತ್ತು ಹೋಗುವುದು ತಿಳಿಯುವುದಿಲ್ಲ.

ಇನ್ನು ಇಂಗ್ಲಿಷಿನಲ್ಲಿ ಈ ಊರಿನ ನಡುವಿನ ‘ನ’ಕಾರದ ಸ್ವರವನ್ನು ಬಿಟ್ಟು ಬರೆಯುವ ರೂಢಿ. ಆಗ ಉಳಿಯುವುದು ಎಚ್, ಎ, ಎನ್, ಜಿ, ಎ, ಎಲ್. ಗುಂಡ್ಲುಪೇಟೆಯಿಂದ ಬಂಡೀಪುರದ ಕಡೆಗೆ ಹೋಗುವಾಗ, ಹಿಮವದ್ ಗೋಪಾಲಸ್ವಾಮಿ ಬೆಟ್ಟಕ್ಕೆ ತಿರುಗುವಲ್ಲಿ ಸಿಗುವ ‘ಹಂಗಳ’ವನ್ನು ಬರೆಯುವುದೂ ಇವೇ ಅಕ್ಷರಗಳಿಂದ, ಹೆಚ್ಚೆಂದರೆ ಕೊನೆಗೊಂದು ‘ಎ’. ಹಾವೇರಿ ಜಿಲ್ಲೆಯ ಹಾನಗಲ್ಲೆಲ್ಲಿ, ಚಾಮರಾಜನಗರ ಜಿಲ್ಲೆಯ ಹಂಗಳವೆಲ್ಲಿ!

ಹುಬ್ಬಳ್ಳಿಯವರಿಗೆ ಇದು ನೋಯುವ ಜಾಗ. ಏಕೆಂದರೆ ಹಾನಗಲ್ಲಿನ ಹೆಸರನ್ನು ಜಗತ್ತಿಗೆ ಕೊಂಡೊಯ್ದವರು ಗಂಗೂಬಾಯಿ ಹಾನಗಲ್. 1913ರಲ್ಲಿ ಧಾರವಾಡದಲ್ಲಿ ಹುಟ್ಟಿ, ಕುಂದಗೋಳದ ಸವಾಯಿ ಗಂಧರ್ವರಲ್ಲಿ ಕಲಿತು, ಹುಬ್ಬಳ್ಳಿಯಲ್ಲಿ ಬಾಳಿ, 2009ರಲ್ಲಿ ಇಲ್ಲೇ ಕಣ್ಮುಚ್ಚಿದ ಕಿರಾಣಾ ಘರಾಣೆಯ ಆ ಗಂಭೀರ ಕಂಠವನ್ನು ಕೇಳಿ ತಲೆದೂಗಿದ ಹೊರನಾಡಿನ ಎಷ್ಟೋ ರಸಿಕರ ಬಾಯಲ್ಲಿ ಅವರು ‘ಹಂಗಲ್’. ಧಾರವಾಡದ ಹತ್ತಿರದ ಮನಸೂರಿನ ಗಾಯಕ ಮಲ್ಲಿಕಾರ್ಜುನರ ಹೆಸರು ರೋಮನ್ ಲಿಪಿಯಲ್ಲಿ ‘ಮನ್ಸೂರ್’ ಎಂಬ ಅರಬ್ಬೀ ಹೆಸರಿನಿಂದ ಬೇರೆಯಾಗಿ ಕಾಣುವುದೇ ಇಲ್ಲ. ಈ ಭಾಗದಲ್ಲಿ ಊರಿನ ಹೆಸರೇ ಮನೆತನದ ಹೆಸರು. ಊರು ತಪ್ಪಿದರೆ ಮನುಷ್ಯರ ಹೆಸರೂ ತಪ್ಪುತ್ತದೆ.

1956ರ ಮೊದಲು ಇಂಥ ಜೋಡಿಗಳಲ್ಲಿ ಹಲವು ಒಂದಕ್ಕೊಂದು ಎದುರಾಗುತ್ತಿರಲಿಲ್ಲ. ಧಾರವಾಡದ ಬೇಲೂರು ಮುಂಬಯಿ ರಾಜ್ಯದ ದಫ್ತರದಲ್ಲಿತ್ತು, ಹಾಸನದ ಬೇಲೂರು ಮೈಸೂರಿನದು. ಹಾನಗಲ್ಲು ಅತ್ತ, ಹಂಗಳ ಇತ್ತ. ನವೆಂಬರ್ 1ರಂದು ನಾಡು ಒಂದಾದಾಗ ಊರುಗಳೂ ಒಂದೇ ಪಟ್ಟಿಗೆ ಬಂದವು. ಮನೆತನ ಕೂಡಿದಾಗ ಒಂದೇ ಹೆಸರಿನ ಮೊಮ್ಮಕ್ಕಳು ಎದುರಾಗುವ ಸಂತೋಷ ಅದು, ಜೊತೆಗೆ ಅವರನ್ನು ಬೇರೆ ಬೇರೆಯಾಗಿ ಕರೆಯುವ ಹೊಣೆಯೂ ಬಂತು.

2014ರ ನವೆಂಬರ್ 1ರಂದು ಹನ್ನೆರಡು ಊರುಗಳ ಇಂಗ್ಲಿಷ್ ಕಾಗುಣಿತವನ್ನು ಸರ್ಕಾರ ಕನ್ನಡಕ್ಕೆ ಹತ್ತಿರ ತಂದಿತು. ‘ಹುಬ್ಲಿ’ ಹುಬ್ಬಳ್ಳಿಯಾಯಿತು. ಎರಡು ‘ಬಿ’, ಎರಡು ‘ಎಲ್’ ಬಂದು ಒತ್ತಕ್ಷರಗಳಿಗೆ ನ್ಯಾಯ ಸಿಕ್ಕಿತು. ‘ಳ್ಳಿ’ಯೋ ‘ಲ್ಲಿ’ಯೋ ಎಂಬ ಪ್ರಶ್ನೆ ಅಲ್ಲೇ ಉಳಿಯಿತು, ಹಳ್ಳಿಯೂ ಹಲ್ಲಿಯೂ ಆ ಲಿಪಿಯಲ್ಲಿ ಇನ್ನೂ ಒಂದೇ. ಅದೇ ದಿನ ಬಿಜಾಪುರ ವಿಜಯಪುರವಾಯಿತು. ಛತ್ತೀಸಗಡದ ಬಿಜಾಪುರದೊಂದಿಗಿನ ಗೊಂದಲ ತಪ್ಪಿತು, ಆದರೆ ದೇವನಹಳ್ಳಿ ತಾಲ್ಲೂಕಿನಲ್ಲಿ ಮೊದಲಿನಿಂದಲೂ ಒಂದು ವಿಜಯಪುರವಿದೆ. ಒಂದೇ ರಾಜ್ಯದಲ್ಲಿ ಈಗ ಎರಡು ವಿಜಯಪುರ.

ಯಂತ್ರಗಳಿಗೆ ಇದರಿಂದ ತೊಂದರೆಯಿಲ್ಲ. ರೈಲ್ವೆಗೆ ಗೋಳಗುಮ್ಮಟದ ಊರು ಇಂದಿಗೂ ‘ಬಿಜೆಪಿ’ ಎಂಬ ಮೂರಕ್ಷರದ ಸಂಕೇತ. 2020ರಲ್ಲಿ ಸಿದ್ಧಾರೂಢ ಸ್ವಾಮೀಜಿಯವರ ಹೆಸರು ಹೊತ್ತ ಹುಬ್ಬಳ್ಳಿ ನಿಲ್ದಾಣ ‘ಯುಬಿಎಲ್’. ಅಂಚೆಯವರು 1972ರ ಆಗಸ್ಟ್ 15ರಿಂದ ಆರಂಕಿಯ ಪಿನ್‌ಕೋಡ್ ನಂಬಿದ್ದಾರೆ. ಹಾಸನದ ಬೇಲೂರಿಗೆ 573115 ಎಂದು ಬರೆದ ಕಾಗದ ಧಾರವಾಡಕ್ಕೆ ಬರುವುದಿಲ್ಲ. ಊರಿನ ಸಂಖ್ಯೆ ಸರಿಯಾಗಿದ್ದರೆ ಹೆಸರು ಹೇಗಿದ್ದರೂ ಸಾಮಾನು ತಲುಪುತ್ತದೆ. ಇದೇ ಕಾರಣಕ್ಕೆ ಹೆಸರಿನ ಬಗ್ಗೆ ಕಾಳಜಿ ಸಡಿಲವಾಗುತ್ತಿದೆ.

ನಿಜವಾದ ಅಪಾಯ ಮರುಪ್ರಯಾಣದಲ್ಲಿದೆ. ಅರ್ಜಿ ತುಂಬುವುದು, ನಕ್ಷೆ ಬರೆಯುವುದು, ಪಟ್ಟಿ ತಯಾರಿಸುವುದು ಎಲ್ಲವೂ ಮೊದಲು ಇಂಗ್ಲಿಷಿನಲ್ಲಿ ನಡೆದು, ಆ ಪಟ್ಟಿಯಿಂದ ಯಂತ್ರ ಕನ್ನಡಕ್ಕೆ ತಿರುಗಿಸುವ ಕಾಲವಿದು. ಕನ್ನಡದಿಂದ ರೋಮನ್‌ಗೆ ಹೋಗುವಾಗ ಕಳೆದ ‘ಣ’ ಮರಳಿ ಬರುವಾಗ ಸಿಗುವುದಿಲ್ಲ. ಉಣಕಲ್ಲು ‘ಉಂಕಲ್’ ಆಗಿ, ಹಾನಗಲ್ಲು ‘ಹಂಗಲ್’ ಆಗಿ, ಬೇಳೂರು ‘ಬೇಲೂರು’ ಆಗಿ ಕನ್ನಡದ ಅಕ್ಷರಗಳಲ್ಲೇ ಅಚ್ಚಾಗತೊಡಗಿದರೆ, ಊರಿನ ಮಕ್ಕಳು ತಮ್ಮ ಊರಿನ ಹೆಸರನ್ನು ಪರದೆಯಿಂದ ತಪ್ಪಾಗಿ ಕಲಿಯುತ್ತಾರೆ. ಅಂಗಡಿ ಫಲಕಗಳಲ್ಲಿ ಶೇ 60ರಷ್ಟು ಕನ್ನಡ ಇರಬೇಕೆಂದು 2024ರಲ್ಲಿ ಕಾನೂನು ತಿದ್ದುಪಡಿಯಾಯಿತು. ದುರ್ಗದಬೈಲಿನ ಫಲಕಗಳಲ್ಲಿ ಕನ್ನಡ ದೊಡ್ಡದಾಗುವುದು ಸಂತೋಷದ ಸಂಗತಿ. ಆ ದೊಡ್ಡ ಅಕ್ಷರಗಳು ಊರಿನವರ ಬಾಯಿಂದ ಬಂದಿರಬೇಕೇ ಹೊರತು ಇಂಗ್ಲಿಷ್ ಪಟ್ಟಿಯಿಂದ ಅಲ್ಲ. ವಿಶ್ವಸಂಸ್ಥೆಯ ಮೊದಲ ಸ್ಥಳನಾಮ ಸಮ್ಮೇಳನ 1967ರಲ್ಲಿ ಜಿನೀವಾದಲ್ಲಿ ಸೇರಿದಾಗ, ಹೆಸರನ್ನು ಸ್ಥಳಕ್ಕೇ ಹೋಗಿ ಅಲ್ಲಿನ ಜನರಿಂದ ಕೇಳಿ ಬರೆದುಕೊಳ್ಳುವ ಕೆಲಸಕ್ಕೆ ಒತ್ತು ಕೊಟ್ಟಿತ್ತು. ನಮ್ಮ ಗ್ರಾಮ ಪಂಚಾಯಿತಿಗಳಿಗೆ, ಶಾಲೆಗಳಿಗೆ ಇದು ಕಷ್ಟದ ಕೆಲಸವೇನೂ ಅಲ್ಲ.

ಪರಿಹಾರದ ಅರ್ಧ ಭಾಗ ಕನ್ನಡಿಗರ ಬೆರಳಲ್ಲೇ ಇದೆ. ಕೆ.ಪಿ. ರಾಯರು ರೂಪಿಸಿದ ಕೀಲಿಮಣೆಯಲ್ಲಿ ಸಣ್ಣ ‘ಎಲ್’ ಒತ್ತಿದರೆ ಲ, ದೊಡ್ಡ ‘ಎಲ್’ ಒತ್ತಿದರೆ ಳ. ಸಣ್ಣ ‘ಎನ್’ಗೆ ನ, ದೊಡ್ಡದಕ್ಕೆ ಣ. ಲಕ್ಷಾಂತರ ಜನ ದಿನವೂ ಹೀಗೆಯೇ ಕನ್ನಡ ಟೈಪು ಮಾಡುತ್ತಾರೆ. ರೋಮನ್ ಅಕ್ಷರಗಳಿಂದಲೂ ಭೇದ ಕಾಯಬಹುದು ಎಂಬುದು ಇಲ್ಲಿ ರುಜುವಾಗಿದೆ. ಭೇದವನ್ನು ಚುಕ್ಕಿ ಗೆರೆಗಳಿಂದ ಕಾಯುವ ಅಂತರರಾಷ್ಟ್ರೀಯ ಮಾನಕವೂ 2001ರಿಂದ ಇದೆ. ಫಲಕದ ಮೇಲೆ ಇವುಗಳನ್ನು ತರುವುದು ಮುಂದಿನ ಮಾತು. ಮೊದಲು ಆಗಬೇಕಾದದ್ದು ಸರ್ಕಾರಿ ನಮೂನೆಯಲ್ಲಿ ಊರಿನ ಹೆಸರಿಗೆ ಕನ್ನಡದ ಚೌಕ ಮೇಲೆ ಬರುವುದು, ಇಂಗ್ಲಿಷಿನದು ಅದರಿಂದ ಹುಟ್ಟುವುದು. ಸಾಗರದ ಹುಡುಗಿ ತನ್ನ ಊರು ಬರೆಯುವಾಗ ‘ಬೇಳೂರು’ ಎಂದು ಬರೆಯಲಿ, ಧಾರವಾಡದ ಹುಡುಗ ‘ಬೇಲೂರು’ ಎಂದು ಬರೆಯಲಿ. ಕಚೇರಿಯ ಗಣಕಯಂತ್ರ ಇಬ್ಬರ ಅಕ್ಷರವನ್ನೂ ಅವರು ಬರೆದಂತೆಯೇ ಇಟ್ಟುಕೊಳ್ಳಲಿ.